ಇನ್ನೊಂದು ಪಕ್ಷದ ಮಾತು

ಮುಲುಂಡ್,
೯ ಜುಲೈ ೨೦೨೩

ಪ್ರಫುಲ್ಲಾ,

ದಿನಾ ಫೋನಿನಲ್ಲಿ ಮಾತಾಡುವ ಗಂಡ ಈಗ ಕಾಗದ ಬರೆಯಲು ಕೂತಿದ್ದಾನೆಂದು ನೀನು ನಗುತ್ತಿರಬಹುದು. ನಗು. ಆದರೆ ನಮ್ಮ ಫೋನು ಎಂಥ ಫೋನು ಹೇಳು. ಬಿ.ಪಿ. ಮಾತ್ರೆ ತಗೊಂಡಿರಾ, ತಗೊಂಡೆ. ಅಲ್ಲಿ ಮಳೆಯಾ, ಮಳೆ. ಸರಿ, ಇಡ್ತೇನೆ. ನಿನ್ನ ಹಿಂದೆ ಯಾವಾಗಲೂ ಒಬ್ಬ ಗಾರ್ಡು ಕೆಮ್ಮುತ್ತಿರುತ್ತಾನೆ, ನನ್ನ ಹಿಂದೆ ಹೋಟೆಲಿನ ಗ್ರೈಂಡರ್ ಅರಚುತ್ತಿರುತ್ತದೆ. ಅದಕ್ಕೇ ಕಾಗದ. ನಾವು ಮಾತಾಡುವುದು ತುಳುವಿನಲ್ಲಿ, ಬರೆಯುವುದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಹಾಗಾಗಿ ಕಾಗದದಲ್ಲಿ ನಾನು ಸ್ವಲ್ಪ ಗಂಭೀರ ಮನುಷ್ಯನಂತೆ ಕಾಣುತ್ತೇನೆ. ಮೋಸ ಹೋಗಬೇಡ.

ಜಡ್ಜ್ ಕ್ವಾರ್ಟರ್ಸ್ ಖಾಲಿ ಮಾಡಿ ನಾನು ಮತ್ತು ಯಕ್ಷಿತಾ ನಮ್ಮ ಹಳೆಯ ಫ್ಲ್ಯಾಟಿಗೆ ಬಂದೆವು. ಸಾಮಾನು ಅರ್ಧ ಇನ್ನೂ ಪೆಟ್ಟಿಗೆಯಲ್ಲೇ ಇದೆ. ನಿನ್ನ ಸೀರೆಗಳ ಪೆಟ್ಟಿಗೆಯನ್ನು ಮೊದಲು ಬಿಚ್ಚಿದೆ, ಬಿಚ್ಚಿ ಏನು ಮಾಡಬೇಕೆಂದು ತಿಳಿಯದೆ ಮತ್ತೆ ಮುಚ್ಚಿಟ್ಟೆ. ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಲೋಟ ಚಹಾ ಸೋಸುತ್ತೇನೆ. ನಿನ್ನ ಮಗಳು ಗ್ರೀನ್ ಟೀ ಪಂಗಡ. ಹಾಗಾಗಿ ಎರಡನ್ನೂ ನಾನೇ ಕುಡಿಯುತ್ತೇನೆ.

ಬೈಕುಲ್ಲಾದ ನಮ್ಮ ಹೋಟೆಲಿನಲ್ಲಿ ಗಲ್ಲಾದ ಹಿಂದೆ ಹೋಗಿ ಕೂತರೆ ಸಾಕು, ಬಿಲ್ಲು ಕೊಡುವವರೆಲ್ಲ ನ್ಯಾಯಶಾಸ್ತ್ರಜ್ಞರು. "ಚೆನ್ನಯಣ್ಣ, ಅಕ್ಕನನ್ನು ಯಾಕೆ ಅಷ್ಟು ದೂರ ಒಗೆದ್ರು? ಕುರ್ಲಾದ ಝೋಪಡಿ ಒಡೆಯೋದಕ್ಕೆ ಸ್ಟೇ ಕೊಟ್ರಲ್ಲ, ಅದರ ಸಿಟ್ಟೇ ಅಲ್ವಾ?" ಎಂದು ಕೇಳುತ್ತಾರೆ. ನಾನು ಚಿಲ್ಲರೆ ಹುಡುಕುವವನ ಹಾಗೆ ತಲೆ ತಗ್ಗಿಸುತ್ತೇನೆ. ವರ್ಗಾವಣೆಯ ಆದೇಶದಲ್ಲಿ ‘ನ್ಯಾಯದಾನದ ಉತ್ತಮ ಆಡಳಿತಕ್ಕಾಗಿ’ ಎಂದಷ್ಟೇ ಇದೆ. ಯಾರನ್ನು ಯಾಕೆ ಕಳಿಸಿದರೂ ಅದೇ ಸಾಲಂತೆ. ಆ ಸಾಲನ್ನು ಓದಿದವರೆಲ್ಲ ನಿನ್ನನ್ನು ಶಿಕ್ಷೆಗೆ ಗುರಿಯಾದ ವೀರವನಿತೆ ಮಾಡಿಬಿಟ್ಟಿದ್ದಾರೆ. ನೀನೇ ಕೇಳಿಕೊಂಡು ಹೋದದ್ದು ಎಂಬುದು ಮೇಲಿನ ಜಡ್ಜುಗಳನ್ನು ಬಿಟ್ಟರೆ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಯಕ್ಷಿತಾಳಿಗೂ ಹೇಳಬಾರದು ಎಂದು ನೀನು ಮಾತು ತೆಗೆದುಕೊಂಡಿದ್ದೀ. ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ಆದರೆ ಮನೆಯಲ್ಲಿ ಎದುರಿಗೆ ಕೂತು ಊಟ ಮಾಡುವವಳ ಹತ್ತಿರ ಬೀಗ ಎಷ್ಟು ದಿನ ನಿಲ್ಲುತ್ತದೋ.

ನಿನಗೆ ಈಗ ಐವತ್ತೈದು. ಜಡ್ಜುಗಳಿಗೆ ಅರವತ್ತೆರಡಕ್ಕೆ ನಿವೃತ್ತಿ. ಅಲ್ಲಿಯವರೆಗೆ ಹೀಗೆಯೇ ಎಂದು ನೆನೆದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ನಾನು ಅಲ್ಲಿಗೇ ಬಂದುಬಿಡಲೇ?

ನಿನ್ನ,
ಚೆನ್ನಯ

*

ಗುವಾಹಟಿ,
೨೩ ಜುಲೈ ೨೦೨೩

ಯಕ್ಷಿತಾಳ ಪಪ್ಪನಿಗೆ,

ನಿಮ್ಮ ಕಾಗದವನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಓದಿದೆ. ಈ ಮೇಜಿನ ಸುತ್ತ ಹನ್ನೆರಡು ಕುರ್ಚಿಗಳಿವೆ, ಕೂರುವವಳು ನಾನೊಬ್ಬಳು. ಅಡುಗೆಯವರು ಒಳ್ಳೆಯವರು, ಆದರೆ ಮೀನಿಗೂ ಸಾಸಿವೆ ಎಣ್ಣೆ, ಪಲ್ಯಕ್ಕೂ ಸಾಸಿವೆ ಎಣ್ಣೆ. ಬೆಳಿಗ್ಗೆ ನದಿಯ ಕಡೆ ವಾಕಿಂಗ್ ಹೋಗುತ್ತೇನೆ. ಮಳೆಯ ಮಬ್ಬಿನಲ್ಲಿ ಆಚೆ ದಡ ಕಾಣಿಸದಷ್ಟು ದೊಡ್ಡ ನದಿ. ನೋಡುವಾಗ ನಿಮಗೆ ತೋರಿಸಬೇಕು ಎನ್ನಿಸುತ್ತದೆ. ಎಲ್ಲರೂ "ಮೈ ಲೇಡಿ" ಎನ್ನುತ್ತಾರೆ. ನನ್ನನ್ನು ತುಳುವಿನಲ್ಲಿ ಬಯ್ಯುವವರು ಈ ಊರಲ್ಲಿ ಒಬ್ಬರೂ ಇಲ್ಲ.

ನೀವು ಬರುತ್ತೇನೆ ಎಂದಿರಿ. ಬೇಡ. ಯಕ್ಷಿತಾಳ ಹತ್ತಿರ ನಮ್ಮಲ್ಲಿ ಒಬ್ಬರಾದರೂ ಇರಬೇಕು. ಹೋಟೆಲಿನಲ್ಲಿ ನಿಮ್ಮನ್ನೇ ನೆಚ್ಚಿಕೊಂಡ ಅಷ್ಟು ಜನ ಇದ್ದಾರೆ.

ಯಾಕೆ ಹೋದೆ ಎಂದು ನೀವು ಕೇಳುವುದಿಲ್ಲ, ಆದರೆ ನಿಮ್ಮ ಕಾಗದದ ಪ್ರತಿ ಸಾಲೂ ಅದನ್ನೇ ಕೇಳುತ್ತದೆ. ನಿಮ್ಮ ಹೋಟೆಲ್ ಮಾಲಕರ ಸಂಘದ ವಾರ್ಷಿಕೋತ್ಸವ ನೆನಪಿದೆಯಲ್ಲ. ಸನ್ಮಾನ ಎಂದರೆ ನಮ್ಮವರಿಗೆ ಹೊಟ್ಟೆ ತುಂಬುವುದೇ ಇಲ್ಲ. ಒಂದು ಶಾಲು, ಪೇಟ, ಹಣ್ಣಿನ ಬುಟ್ಟಿ ಸಿಕ್ಕರೆ ವೇದಿಕೆಯ ಕೆಳಗೆ ಒಬ್ಬರನ್ನೂ ಉಳಿಸುವುದಿಲ್ಲ. ನಿಮ್ಮ ಮುಖ ನೋಡಿ ನಾನು ಒಪ್ಪಿದೆ. ಕೊನೆಗೆ ಅಧ್ಯಕ್ಷ ಹಿತೇಶ್ ಮೈಕಿನಲ್ಲಿ "ಮಗಳು ಸಹ ವಕೀಲೆ ಆಗಿದ್ದಾಳೆ, ಬಾ ಮಗಾ ಬಾ" ಎಂದು ಕರೆದು, ನನಗೂ ಅವಳಿಗೂ ಸೇರಿಸಿ ಒಂದೇ ಶಾಲು ಹೊದಿಸಿಬಿಟ್ಟರು. ಮದುಮಕ್ಕಳಿಗೆ ಹೊದಿಸುವ ಹಾಗೆ. ಮರುದಿನ ಪೇಪರಿನಲ್ಲಿ ಅದೇ ಫೋಟೋ: ತಾಯಿ ನ್ಯಾಯಮೂರ್ತಿ, ಮಗಳು ನ್ಯಾಯವಾದಿ.

ಆಮೇಲೆ ಆದದ್ದು ನಿಮಗೂ ಗೊತ್ತು. ಎರಡು ವರ್ಷ ಸೀನಿಯರ್ ಚೇಂಬರಿನ ಮೂಲೆಯಲ್ಲಿ ಫೈಲು ಹೊತ್ತವಳಿಗೆ ಒಮ್ಮೆಲೇ ಲೈಸೆನ್ಸಿನ ಕೇಸು, ಜಾಗದ ಕೇಸು, ಪಾಲುದಾರರ ಜಗಳ, ಎಲ್ಲ ನಮ್ಮ ಹೋಟೆಲಿನವರದ್ದೇ. ಅವಳು ಕುಣಿದುಕೊಂಡು ಬಂದು "ಅಮ್ಮ, ಜನ ನನ್ನನ್ನು ಹುಡುಕಿಕೊಂಡು ಬರ್ತಿದ್ದಾರೆ" ಎಂದಳು. ನನ್ನ ಮುಂದೆ ಅವಳ ಕೇಸು ಬರಲಾರದು, ನಿಜ. ಆದರೆ ಪಕ್ಕದ ಕೋರ್ಟಿನಲ್ಲಿ ಕೂತವರು ಮಧ್ಯಾಹ್ನ ನನ್ನ ಜೊತೆ ಊಟ ಮಾಡುವವರು. ಅವರು ನ್ಯಾಯವಾಗಿಯೇ ತೀರ್ಪು ಕೊಡುತ್ತಾರೆ. ಸೋತವನು ನಂಬಬೇಕಲ್ಲ? ಗೆದ್ದರೂ ಯಕ್ಷಿತಾ ತಾನೇ ಗೆದ್ದೆ ಎಂದು ಎಂದಾದರೂ ತಿಳಿಯುತ್ತಾಳೆಯೇ?

ಹೇಳಿದರೆ ಅವಳು ಕೋಟು ಕಳಚಿಟ್ಟು ಮನೆಯಲ್ಲಿ ಕೂತಾಳು. ಹೇಳಬೇಡಿ.

ಎರಡು ಲೋಟ ಚಹಾ ಒಳ್ಳೆಯದಲ್ಲ. ಸಕ್ಕರೆಯಾದರೂ ಬಿಡಿ.

ಪ್ರಫುಲ್ಲಾ

*

ಮುಲುಂಡ್,
೨೦ ಆಗಸ್ಟ್ ೨೦೨೩

ಪ್ರಫುಲ್ಲಾ,

ಇದನ್ನು ಫೋನಿನಲ್ಲಿ ಹೇಳಲಾರದೆ ಬರೆಯುತ್ತಿದ್ದೇನೆ. ನಿನ್ನ ಮಗಳು ಕ್ರಾಂತಿ ಮಾಡಲು ಹೊರಟಿದ್ದಾಳೆ.

ನಿನ್ನ ವರ್ಗಾವಣೆಯ ವಿರುದ್ಧ ಒಂದು ಮನವಿ ತಯಾರು ಮಾಡಿದ್ದಾಳೆ. ನ್ಯಾಯಾಂಗದ ಸ್ವಾತಂತ್ರ್ಯದ ಮೇಲೆ ಹಲ್ಲೆ, ಸರಕಾರಕ್ಕೆ ಬೇಡವಾದ ತೀರ್ಪು ಕೊಟ್ಟವರಿಗೆ ಶಿಕ್ಷೆ ಎಂದೆಲ್ಲ ಇಂಗ್ಲಿಷಿನಲ್ಲಿ ಬೆಂಕಿ ಬಿದ್ದ ಹಾಗೆ ಬರೆದಿದ್ದಾಳೆ. ಎಳೆಯ ವಕೀಲರೆಲ್ಲ ಸಹಿ ಹಾಕುತ್ತಿದ್ದಾರೆ. ಮುಂದಿನ ತಿಂಗಳು ಕೋರ್ಟಿನ ಗೇಟಿನೆದುರು ಸಭೆಯಂತೆ, ಇವಳೇ ಮೊದಲು ಮಾತಾಡುವುದಂತೆ. ಹಾಲ್‌ನಲ್ಲಿ ನಿಂತು ಕನ್ನಡಿ ನೋಡಿಕೊಂಡು ಭಾಷಣ ಕಲಿಯುತ್ತಾಳೆ. ನಿನ್ನ ಹಾಗೆಯೇ ಎಡಗೈ ಸೊಂಟಕ್ಕೆ. ನೋಡಿ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

"ಪಪ್ಪಾ, ಬೇರೆ ಯಾರೂ ಬೋಲಲಿಕ್ಕೆ ರೆಡಿ ಇಲ್ಲ. ನಾನು ಬೋಲದಿದ್ರೆ ಅಮ್ಮನಿಗೆ ಯಾರಿದ್ದಾರೆ?" ಎಂದಳು.

ನಾನು ಏನು ಹೇಳಲಿ? "ನಿನ್ನ ಅಮ್ಮ ಅಂಥದ್ದೆಲ್ಲ ಇಷ್ಟಪಡುವುದಿಲ್ಲ ಮಗಾ" ಎಂದೆ. "ಇಷ್ಟಪಡುವುದಿಲ್ಲ ಅಂತ್ಲೇ ಅವಳನ್ನು ಎತ್ತಿ ಬಿಸಾಕಿದ್ದು" ಎಂದು ನನಗೇ ಜೋರು ಮಾಡಿದಳು.

ಒಂದು ಕಡೆ ನನ್ನ ಮನಸ್ಸು ಹಾಳು ಮನಸ್ಸು. ಸಭೆಯಾಗಲಿ, ಗಲಾಟೆಯಾಗಲಿ, ಹೇಗಾದರೂ ನಿನ್ನನ್ನು ವಾಪಸು ಕಳಿಸಿದರೆ ಸಾಕು ಎನ್ನುತ್ತದೆ. ನೀನೇ ಹೇಳು, ಏನು ಮಾಡಲಿ.

ಚೆನ್ನಯ

*

ಗುವಾಹಟಿ,
೨೮ ಆಗಸ್ಟ್ ೨೦೨೩

ಯಕ್ಷಿತಾಳ ಪಪ್ಪನಿಗೆ,

ಹೇಳಿಬಿಡಿ. ಸಭೆಗೆ ಮೊದಲೇ ಹೇಳಿಬಿಡಿ.

ನಾನು ಫೋನು ಮಾಡಿ ಹೇಳಬಹುದಿತ್ತು. ಆದರೆ ಇಷ್ಟು ದೂರದಿಂದ ಹೇಳಿ, ಅವಳು ಫೋನು ಇಟ್ಟುಬಿಟ್ಟರೆ, ಅವಳ ಮುಖ ನೋಡುವವರು ಯಾರೂ ಇರುವುದಿಲ್ಲ. ನೀವು ಎದುರಿಗೆ ಕೂತು ಹೇಳಿ.

ಅವಳು ಬರೆದದ್ದು ಸುಳ್ಳಲ್ಲದ ಮಾತು, ಆದರೆ ನನ್ನ ವಿಷಯದಲ್ಲಿ ಸುಳ್ಳು. ಅದು ನನ್ನನ್ನು ಹೆದರಿಸುತ್ತದೆ. ನಿಜವಾಗಿ ತೀರ್ಪಿಗಾಗಿ ಯಾರನ್ನಾದರೂ ದೂರ ಕಳಿಸಿದ ದಿನ ಜನ ಕೂಗಬೇಕು. ಇವತ್ತು ನನ್ನ ಹೆಸರಿನಲ್ಲಿ ಕೂಗಿ, ಆ ಜಡ್ಜೇ ಕೇಳಿಕೊಂಡು ಹೋಗಿದ್ದಳಂತೆ ಎಂದು ನಾಳೆ ಹೊರಬಿದ್ದರೆ, ಆ ಇನ್ನೊಬ್ಬರನ್ನು ಯಾರು ನಂಬುತ್ತಾರೆ? ನನ್ನ ಮಗಳ ಬಾಯಿಂದ ಅದು ಆಗಬಾರದು.

ಅವಳು ಅಳುವುದಿಲ್ಲ. ಅತ್ತರೆ ಒಳ್ಳೆಯದು. ಹತ್ತಿರ ಇರಿ. ನಾನು ಇರಬೇಕಾಗಿತ್ತು. ಈ ಒಂದು ದಿನವಾದರೂ ನಾನು ಅಲ್ಲಿ ಇರಬೇಕಾಗಿತ್ತು.

ಪ್ರಫುಲ್ಲಾ

*

ಮುಲುಂಡ್,
೧೦ ಸೆಪ್ಟೆಂಬರ್ ೨೦೨೩

ಪ್ರಫುಲ್ಲಾ,

ಹೇಳಿದೆ.

ಮನೆಯಲ್ಲಿ ಹೇಳಲು ಧೈರ್ಯವಾಗಲಿಲ್ಲ. ಹೋದ ವಾರದ ಶನಿವಾರ ಮಧ್ಯಾಹ್ನ ಅವಳು ಹೋಟೆಲಿಗೆ ಊಟಕ್ಕೆ ಬಂದಿದ್ದಳು. ಊಟವಾದ ಮೇಲೆ ಇಬ್ಬರೂ ಮನೆಗೆಂದು ಹೊರಟೆವು. ಬೈಕುಲ್ಲಾ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಬಾಯಿಬಿಟ್ಟೆ. ಶಾಲಿನಿಂದ ಶುರುಮಾಡಿ ನಿನ್ನ ಅರ್ಜಿಯವರೆಗೆ. ಮಧ್ಯೆ ಸ್ಲೋ ಲೋಕಲ್ ಬಂತು, ಹೋಯಿತು. ಇನ್ನೊಂದು ಬಂತು. ನಾವು ಏಳಲಿಲ್ಲ.

ಮೊದಲು ಅವಳು ಕೇಳಿದ್ದು ನಿನ್ನ ವಿಷಯವಲ್ಲ. "ಅಂದ್ರೆ ಆ ಕ್ಲೈಂಟ್ಸ್ ಎಲ್ಲ ನಂಗೆ ಬಂದದ್ದಲ್ಲ? ಸಚ್ ಬೋಲಿ ಪಪ್ಪಾ, ನಿಜ ಹೇಳಿ. ಒಬ್ಬರೂ ಅಲ್ಲ?" ಎಂದಳು. ಒಬ್ಬರಾದರೂ ನಿನಗೆ ಬಂದಿರಬಹುದು ಎಂದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ ಎಂದು ನಿನಗೂ ಗೊತ್ತು, ಅವಳಿಗೂ ಗೊತ್ತು. ಮುಖ ಆ ಕಡೆ ತಿರುಗಿಸಿದಳು.

ಆಮೇಲೆ ಅವಳು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ, ತಪ್ಪು ತಿಳಿಯಬೇಡ. "ಅಮ್ಮ ಇಷ್ಟು ವರ್ಷ ಎಲ್ಲರಿಗೂ ಏನು ಹೇಳಿದ್ಲು? ಎರಡೂ ಸೈಡ್ ಕೇಳದೆ ಆರ್ಡರ್ ಕೊಡ್ಬಾರ್ದು ಅಂತ. ನನ್ನ ಕೇಸಲ್ಲಿ ನಾನೇ ಪಾರ್ಟಿ. ನನಗೊಂದು ನೋಟಿಸ್ ಇಲ್ಲ, ನನ್ನ ಮಾತು ಕೇಳಿಲ್ಲ. ಸೀದಾ ಜಜ್ಮೆಂಟ್. ಮತ್ತೆ ತಾನೇ ಶಿಕ್ಷೆ ತಗೊಂಡು ಹೋದ್ಲು, ನಾನು ಜಗಳ ಮಾಡಲಿಕ್ಕೂ ಆಗದ ಹಾಗೆ."

ಇದಕ್ಕೆ ನೀನೇ ಉತ್ತರ ಹೇಳಬೇಕು.

ಮನವಿಯನ್ನು ಹಿಂದಕ್ಕೆ ತೆಗೆದುಕೊಂಡಳು. ಸಹಿ ಹಾಕಿದವರಿಗೆಲ್ಲ ತಾನೇ ಹೋಗಿ, ಅಮ್ಮನೇ ವರ್ಗಾವಣೆ ಕೇಳಿದ್ದು, ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಬಂದಳಂತೆ. ಕೆಲವರು ನಕ್ಕರಂತೆ. ಈಗ ಮನೆಯಲ್ಲಿ ಮಾತಿಲ್ಲ. ತಟ್ಟೆ ತೊಳೆಯುತ್ತಾಳೆ, ಹೋಗುತ್ತಾಳೆ, ಬರುತ್ತಾಳೆ. ನಿನ್ನ ಫೋನು ಬಂದರೆ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟುಕೊಂಡು ಕೂರುತ್ತಾಳೆ.

ಚೆನ್ನಯ

*

ಗುವಾಹಟಿ,
೧೮ ಸೆಪ್ಟೆಂಬರ್ ೨೦೨೩

ಯಕ್ಷಿತಾ, ನನ್ನ ಮಗಾ,

ನಿನಗೆ ಕನ್ನಡ ಓದಲು ಕಷ್ಟ ಎಂದು ಗೊತ್ತು. ಇಂಗ್ಲಿಷಿನಲ್ಲಿ ಬರೆದರೆ ನನ್ನ ಕೈ ತಾನಾಗಿಯೇ ತೀರ್ಪು ಬರೆಯಲು ಶುರುಮಾಡುತ್ತದೆ. ಅದಕ್ಕೆ ಇದು. ನಿಧಾನವಾಗಿ ಓದು.

ನೀನು ಹೇಳಿದ್ದು ಸರಿ. ನಿನ್ನ ಮಾತು ಕೇಳದೆ ನಾನು ಆದೇಶ ಮಾಡಿದೆ. ಬೇರೆ ಯಾವ ಕೋರ್ಟಿನಲ್ಲಾದರೂ ಆಗಿದ್ದರೆ ಅದು ಒಂದು ದಿನವೂ ನಿಲ್ಲುತ್ತಿರಲಿಲ್ಲ. ತಿದ್ದುವುದಕ್ಕೆ ಈಗ ನನ್ನ ಕೈಯಲ್ಲಿ ಏನೂ ಇಲ್ಲ. ಕೇಳುವುದಕ್ಕೆ ಕಿವಿ ಇದೆ.

ಬೈಯಬೇಕೆಂದಿದ್ದರೆ ಬೈದು ಬರೆ. ಯಾವಾಗ ಬರೆದರೂ ಓದುತ್ತೇನೆ.

ಅಮ್ಮ

*

ಮುಲುಂಡ್,
೫ ನವೆಂಬರ್ ೨೦೨೩

ಪ್ರಫುಲ್ಲಾ,

ದೀಪಾವಳಿ ಬಂತು. ಸೊಸೈಟಿಯವರು ಈಗಾಗಲೇ ಬಿಲ್ಡಿಂಗಿಗೆ ದೀಪದ ಸರ ಇಳಿಬಿಟ್ಟಿದ್ದಾರೆ. ನಮ್ಮ ಬಾಲ್ಕನಿಯೊಂದೇ ಕತ್ತಲು. ನನಗೆ ಹುಮ್ಮಸ್ಸಿಲ್ಲ, ಅವಳಿಗೆ ಮನಸ್ಸಿಲ್ಲ. ನಿನ್ನ ಕಾಗದ ಅವಳಿಗೆ ಕೊಟ್ಟೆ. ಓದಿ ಹೇಳಲೇ ಎಂದರೆ ಬೇಡವೆಂದು ಕಸಿದುಕೊಂಡಳು. ಬೆರಳಿಟ್ಟು ಓದುತ್ತಿದ್ದುದನ್ನು ನೋಡಿದೆ.

ಸಂಘದವರ ಕೇಸುಗಳನ್ನೆಲ್ಲ ವಾಪಸು ಕೊಟ್ಟಿದ್ದಾಳೆ. ಅದಕ್ಕೇ ಇರಬೇಕು, ಮೊನ್ನೆ ಹಿತೇಶ್ ಹೋಟೆಲಿಗೆ ಬಂದ. ಫಿಲ್ಟರ್ ಕಾಫಿ ಕುಡಿದು, ಲೋಟ ಸರಿಸಿ, ಗಲ್ಲಾದ ಮೇಲೆ ಮೊಣಕೈ ಊರಿ ಹೇಳಿದ: "ಚೆನ್ನಯಣ್ಣ, ನೀವು ಎಂಥದು ಮಾರಾಯ್ರೆ ಹೀಗೆ ಒಣಗಿ ಹೋಗಿದ್ದೀರಿ? ಡೆಲ್ಲಿಯಲ್ಲಿ ನಮ್ಮವರೊಬ್ಬರು ಇದ್ದಾರೆ, ಅವರ ಮಾತು ನಡೀತದೆ. ಪ್ರಫುಲ್ಲಕ್ಕನಿಗೆ ವಾಪಸು ಬರಲಿಕ್ಕೆ ಮನಸ್ಸುಂಟು ಅಂತ ನೀವು ಒಂದು ಮಾತು ಹೇಳಿ ಸಾಕು. ಅಕ್ಕ ಬಾಯಿ ಬಿಡುವುದೇ ಬೇಡ. ಹೊಸ ವರ್ಷಕ್ಕೆ ಮನೆಯಲ್ಲಿ ಇರ್ತಾರೆ."

ಅವನ ಮಾತು ನಿಜವೋ ಬೊಗಳೆಯೋ ನನಗೆ ತಿಳಿಯದು. ನಿನ್ನ ಹೆಸರು ಜಡ್ಜ್ ಹುದ್ದೆಗೆ ಹೋಗಿ ಫೈಲು ವರ್ಷದ ಮೇಲೆ ಡೆಲ್ಲಿಯಲ್ಲಿ ಮಲಗಿದ್ದಾಗಲೂ ಹೀಗೆಯೇ ಒಬ್ಬ ಬಂದಿದ್ದ. ಆಗ ನಾನು ಅವನನ್ನು ಹೋಟೆಲಿನಿಂದ ಎಬ್ಬಿಸಿ ಕಳಿಸಿದ್ದೆ. ಈ ಸಲ ಎಬ್ಬಿಸಲಿಲ್ಲ. ‘ಯೋಚನೆ ಮಾಡಿ ಹೇಳ್ತೇನೆ’ ಎಂದುಬಿಟ್ಟೆ. ಆಗ ನನ್ನ ಹೆಂಡತಿ ಮನೆಯಲ್ಲಿದ್ದಳು. ರಾತ್ರಿ ಜಗಳವಾಡಲು, ಬೆಳಿಗ್ಗೆ ಮುನಿಸಿಕೊಳ್ಳಲು ಕೈಗೆ ಸಿಗುತ್ತಿದ್ದಳು. ಆಗ ದೊಡ್ಡ ಮನುಷ್ಯನಾಗುವುದು ಸುಲಭವಿತ್ತು.

ಪ್ರಫುಲ್ಲಾ, ನನಗೆ ನೀನು ಬೇಕು. ಇಷ್ಟು ವಯಸ್ಸಾದ ಮೇಲೆ ಇದನ್ನು ಬರೆಯಲು ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗುತ್ತಿಲ್ಲ. ಹೂಂ ಎನ್ನಲೇ?

ಚೆನ್ನಯ

*

ಗುವಾಹಟಿ,
೧೯ ನವೆಂಬರ್ ೨೦೨೩

ಯಕ್ಷಿತಾಳ ಪಪ್ಪನಿಗೆ,

ಬೇಡ.

ಇಷ್ಟೇ ಬರೆದು ಕಳಿಸೋಣವೆಂದುಕೊಂಡೆ. ಆದರೆ ನೀವು ನಾಚದೆ ಬರೆದಿರಿ, ನಾನೂ ಬರೆಯುತ್ತೇನೆ.

ನಿಮ್ಮ ಕಾಗದ ಬಂದ ದಿನ ನನ್ನ ಮುಂದೆ ಒಂದು ದೊಡ್ಡ ಪ್ರಕರಣವಿತ್ತು. ಎದುರು ಪಕ್ಷ ಸರಕಾರ. ಬೆಳಿಗ್ಗೆ ನಿಮ್ಮ ಕಾಗದ ಓದಿದ್ದೆ. ವಕೀಲರು ವಾದ ಮಾಡುತ್ತಿದ್ದಾಗ ನನಗೆ ಮುಲುಂಡಿನ ನಮ್ಮ ಅಡುಗೆಮನೆ ಕಂಡಿತು. ನೀವು ಬನಿಯನ್ನಿನಲ್ಲಿ ನಿಂತು ಮೀನಿಗೆ ಮಸಾಲೆ ಹಚ್ಚುತ್ತಿದ್ದಿರಿ. ಒಂದು ಕ್ಷಣ ನಾನು ಲೆಕ್ಕ ಹಾಕಿದೆ: ಸರಕಾರದ ವಿರುದ್ಧ ಆದೇಶ ಮಾಡಿದರೆ ಆ ಅಡುಗೆಮನೆ ದೂರ ಹೋಗುತ್ತದೆಯೇ ಎಂದು. ಒಂದು ಕ್ಷಣ ಅಷ್ಟೇ. ನೀರು ಕುಡಿದು, ಆ ವಕೀಲರಿಗೆ ಮತ್ತೆ ಮೊದಲಿನಿಂದ ವಾದ ಮಾಡಲು ಹೇಳಿದೆ. ಅವರಿಗೆ ಯಾಕೆಂದು ಅರ್ಥವಾಗಲಿಲ್ಲ.

ಜಡ್ಜುಗಳನ್ನು ಆರಿಸುವವರು, ಕಳಿಸುವವರು ಹಿರಿಯ ಜಡ್ಜುಗಳು. ಆದೇಶ ಹೊರಡಿಸುವುದು ಸರಕಾರ. ನಡುವಿನ ಓಣಿಯಲ್ಲಿ ತನ್ನ ಕೈ ಇದೆ ಎಂದು ಹೇಳಿಕೊಳ್ಳುವ ಹಿತೇಶರು ಊರಿಗೊಬ್ಬರು. ಅವರ ಕೈ ನಿಜವೋ ಸುಳ್ಳೋ, ಅದು ನನಗೆ ಮುಖ್ಯವಲ್ಲ. ನನಗೆ ಏನು ಬೇಕು ಎಂದು ಒಬ್ಬರಿಗೆ ಗೊತ್ತಾದರೆ ಸಾಕು, ಆಮೇಲೆ ನನ್ನ ಪ್ರತಿ ತೀರ್ಪಿನ ಹಿಂದೆಯೂ ಅದು ನಿಂತಿರುತ್ತದೆ. ಹೋಗುವಾಗ ನಾನು ಕೇಳಿದ್ದು ಕಳೆದುಕೊಳ್ಳುವುದಕ್ಕೆ. ಹಾಗೆ ಕೇಳಲು ಹೆದರಿಕೆ ಇರಲಿಲ್ಲ. ಬರುವುದಕ್ಕೆ ಕೇಳಿದರೆ ಅದು ಪಡೆದುಕೊಳ್ಳುವುದು. ಹಿತೇಶರಿಗೆ ಹೇಳಿ, ಅವಳಿಗೆ ಅಲ್ಲಿ ಸುಖವಾಗಿದೆ, ಬರುವ ಮನಸ್ಸೇ ಇಲ್ಲ ಎಂದು. ಸುಳ್ಳು ಹೇಳಲು ಬರುವುದಿಲ್ಲ ಎನ್ನಬೇಡಿ. ಈ ಒಂದನ್ನು ಕಲಿಯಿರಿ.

ನಿಮಗೆ ಮಾತ್ರ ನಿಜ ಹೇಳುತ್ತೇನೆ. ಇಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ. ಆಮೇಲೆ ನನಗೆ ಯಾವುದೂ ಬೇಡ. ಪುಸ್ತಕ ಬೇಡ, ಟಿ.ವಿ. ಬೇಡ. ನೀವು ಸ್ಲೋ ಲೋಕಲ್ ಇಳಿದು, ತರಕಾರಿ ಚೀಲ ಹಿಡಿದು, ಲಿಫ್ಟ್ ಬಂದ್ ಇದೆ ಎಂದು ಬಯ್ಯುತ್ತಾ ಮೆಟ್ಟಿಲು ಹತ್ತುವ ಸದ್ದು ಬೇಕು. ಅಷ್ಟು ಬೇಕು ಎಂದು ಅಲ್ಲಿ ಇದ್ದಾಗ ಗೊತ್ತಿರಲಿಲ್ಲ.

ಚಳಿಗಾಲದ ರಜೆಗೆ ಬರುತ್ತೇನೆ.

ಪ್ರಫುಲ್ಲಾ

*

ಮುಲುಂಡ್,
೧೪ ಜನವರಿ ೨೦೨೪

ಪ್ರಫುಲ್ಲಾ,

ನಿನ್ನನ್ನು ಕಳಿಸಿಕೊಟ್ಟು ವಿಮಾನ ನಿಲ್ದಾಣದಿಂದ ನೇರ ಹೋಟೆಲಿಗೆ ಹೋದೆ. ಮನೆಗೆ ಹೋಗಲು ಮನಸ್ಸು ಬರಲಿಲ್ಲ. ಸಂಜೆ ಹೋದರೆ ನೀನು ಮಡಚಿಟ್ಟ ಟವೆಲು ಹಾಗೆಯೇ ಇತ್ತು. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ಇವತ್ತು ಒಗೆಯಲು ಹಾಕಿದೆ. ಹಾಕಿದ ಮೇಲೆ ಯಾಕೆ ಹಾಕಿದೆ ಎನ್ನಿಸಿತು.

ಹಿತೇಶನಿಗೆ ನೀನು ಹೇಳಿಕೊಟ್ಟ ಹಾಗೆಯೇ ಹೇಳಿದ್ದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಗಂಡನನ್ನು ಬಿಟ್ಟು ಹಾಯಾಗಿರುವ ಹೆಂಡತಿ ಎಂದು ಸಂಘದಲ್ಲೆಲ್ಲ ಮಾತಾಗಿರಬೇಕು. ಆಗಲಿ. ನನ್ನ ಹೆಂಡತಿಯ ಮರ್ಯಾದೆ ಉಳಿಸಲು ಅವಳ ಹೆಸರು ಕೆಡಿಸಿದವನು ಈ ಮುಂಬಯಿಯಲ್ಲಿ ನಾನೊಬ್ಬನೇ ಇರಬೇಕು.

ನೀವಿಬ್ಬರೂ ಇಷ್ಟು ದಿನ ಒಂದೇ ಮನೆಯಲ್ಲಿದ್ದು ಮಾತಾಡಿದ್ದು ಏನು? ಸಾರಿಗೆ ಉಪ್ಪು ಸಾಕಾ, ಗೀಸರ್ ಆಫ್ ಮಾಡಿದ್ಯಾ. ನನಗೆ ಇಬ್ಬರಿಗೂ ಒಂದೊಂದು ಬಿಡೋಣ ಎನ್ನಿಸುತ್ತಿತ್ತು. ಆದರೆ ನೀನು ಕೇಳಲಿಲ್ಲ, ಅವಳು ಹೇಳಲಿಲ್ಲ. ಯಾವಾಗ ಬರೆದರೂ ಓದುತ್ತೇನೆ ಎಂದ ಮೇಲೆ ಕಾಯಲೇಬೇಕು ಎಂದು ನೀನು ಹಟ ಹಿಡಿದಿದ್ದೆ, ನನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಒಂದು ಹೇಳುತ್ತೇನೆ. ಒಂದು ಮಧ್ಯಾಹ್ನ ನೀನು ಊಟ ಮಾಡಿ ಮಲಗಿದ್ದೆ. ಅವಳು ನಿನ್ನ ರೂಮಿನ ಬಾಗಿಲಲ್ಲಿ ಬಹಳ ಹೊತ್ತು ನಿಂತು ನಿನ್ನನ್ನು ನೋಡಿದಳು. ನಾನು ಬಂದದ್ದು ಕಂಡು, ಫ್ಯಾನ್ ಜಾಸ್ತಿ ಆಗಿದೆ ಎಂದು ಕಡಿಮೆ ಮಾಡಿ ಹೋದಳು. ಅವತ್ತೇ ನನ್ನ ಹತ್ತಿರ ಎಲ್ಲ ಕೇಳಿದಳು. ಹಿತೇಶ ಬಂದದ್ದು, ನೀನು ಬೇಡ ಎಂದದ್ದು ಎಲ್ಲ ಹೇಳಿದೆ. "ನಾನು ಬೇರೆ ಊರಿಗೆ ಹೋದ್ರೆ ಅಮ್ಮ ವಾಪಸು ಬರ್ಬಹುದಾ?" ಎಂದಳು. "ನೀನು ಹೋದರೂ ಅವಳು ಬರಲಿಕ್ಕೆ ಕೇಳುವುದಿಲ್ಲ ಮಗಾ" ಎಂದೆ.

ಈಗ ಅವಳು ಹೆಚ್ಚಾಗಿ ಕುರ್ಲಾ ಕೋರ್ಟಿಗೆ ಹೋಗುತ್ತಾಳೆ. ಕೆಲಸ ಇದೆಯೋ ಇಲ್ಲವೋ, ಬೆಳಿಗ್ಗೆ ಹೋಗಿ ವರಾಂಡದಲ್ಲಿ ನಿಲ್ಲುತ್ತಾಳಂತೆ. ಬೆವರಿ ಬಣ್ಣಗೆಟ್ಟು ಬರುತ್ತಾಳೆ. ಆದರೆ ಮೊನ್ನೆಯಿಂದ ನನ್ನ ಎರಡನೇ ಲೋಟ ಚಹಾ ಕಿತ್ತುಕೊಂಡು ಕುಡಿಯುತ್ತಿದ್ದಾಳೆ.

ನಿನ್ನ,
ಚೆನ್ನಯ

*

ಮುಲುಂಡ್,
೧೭ ಮಾರ್ಚ್ ೨೦೨೪

ಅಮ್ಮ,

ನಾನು ಕನ್ನಡದಲ್ಲಿ ಫಸ್ಟ್ ಟೈಮ್ ಇಷ್ಟು ಉದ್ದ ಬರೆಯುವುದು. ಪಪ್ಪ ತಿದ್ದುತ್ತೇನೆ ಅಂತ ಬಂದರು. ಕೊಡಲಿಲ್ಲ. ಮಿಸ್ಟೇಕ್ಸ್ ಇದ್ದರೆ ಇರಲಿ.

ನೀನು ನನ್ನ ಮಾತು ಕೇಳುತ್ತೇನೆ ಅಂದಿದ್ದಿ. ಇದು ನನ್ನ ಪಕ್ಷದ ಮಾತು. ತುಂಬ ಲೇಟಾಗಿ ಕೊಡ್ತಿದ್ದೇನೆ, ಕ್ಷಮಿಸು.

ನಂಗೆ ತುಂಬ ಸಿಟ್ಟು ಬಂದಿತ್ತು. ನೀನು ಹೋದದ್ದಕ್ಕೆ ಅಲ್ಲ. ಆ ಕ್ಲೈಂಟ್ಸ್ ಯಾಕೆ ಬಂದರು ಅಂತ ನಿನಗೆ ಗೊತ್ತಿತ್ತು, ನಾನು ಖುಷಿಯಲ್ಲಿ ಕುಣಿಯುವಾಗ ನೀನು ಸುಮ್ಮನೆ ನೋಡಿದಿ, ಅದಕ್ಕೆ. ನನಗೆ ಹೇಳಿದ್ದರೆ ನಾನು ಕೋಟು ಬಿಡುತ್ತಿರಲಿಲ್ಲ ಅಮ್ಮ. ನೀನು ನನ್ನನ್ನು ಅಷ್ಟು ವೀಕ್ ಅಂತ ತಿಳಿದಿ. ಅದು ನಿನ್ನ ತಪ್ಪು ತೀರ್ಪು. ಬರೆದು ಇಟ್ಟುಕೋ.

ಆದರೆ ನಿಜ ಹೇಳಬೇಕು. ನೀನು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ಹೋಗಬೇಡ ಅನ್ನುತ್ತಿದ್ದೆ. ಅಳುತ್ತಿದ್ದೆ. ಆಗ ನೀನು ಹೋಗುತ್ತಿರಲಿಲ್ಲ. ಅದಕ್ಕೇ ನೀನು ಕೇಳಲಿಲ್ಲ ಅಂತ ಈಗ ಅನಿಸುತ್ತದೆ.

ನಾನೇ ಬೇರೆ ಊರಿಗೆ ಹೋಗುವ ಅಂತ ಯೋಚಿಸಿದೆ. ನೀನು ವಾಪಸು ಬರಲಿಕ್ಕೆ ಕೇಳುವುದೇ ಇಲ್ಲ ಅಂತ ಪಪ್ಪ ಹೇಳಿದರು. ಮತ್ತೆ ನಾನು ಹೋಗಿ ಏನು ಫಾಯ್ದಾ? ಪಪ್ಪನೂ ಒಬ್ಬರೇ ಆಗುತ್ತಾರೆ. ಅದಕ್ಕೆ ಇಲ್ಲೇ ಇದ್ದೇನೆ. ಕುರ್ಲಾದಲ್ಲಿ ಯಾರೂ ನನ್ನನ್ನು ನೋಡುವುದಿಲ್ಲ. ಮ್ಯಾಜಿಸ್ಟ್ರೇಟ್ ಒಂದು ದಿನ ಎಲ್ಲರೆದುರು ಬೈದರು, ಫೈಲ್ ಸರಿ ಓದಿ ಬಾ ಅಂತ. ಎಲ್ಲರೂ ನಕ್ಕರು. ನಾನು ಹೊರಗೆ ಬಂದು ಅತ್ತೆ. ಆಮೇಲೆ ಅನಿಸಿತು, ಅಮ್ಮ ಮುಂಬಯಿಯಲ್ಲಿ ಇದ್ದಿದ್ದರೆ ಇವರು ಹೀಗೆ ಬೈಯುತ್ತಿದ್ದರಾ? ಬೈಯುತ್ತಿರಲಿಲ್ಲ. ಆಗ ನಾನು ಫೈಲ್ ಓದುವುದು ಯಾವತ್ತೂ ಕಲಿಯುತ್ತಿರಲಿಲ್ಲ.

ಮೊನ್ನೆ ಬುಧವಾರ ನನಗೆ ಒಂದು ಕೇಸು ಬಂತು. ಬೈಕುಲ್ಲಾ ಮಾರ್ಕೆಟ್‌ನಿಂದ ಕೊತ್ತಂಬರಿ ತಂದು ಕುರ್ಲಾದಲ್ಲಿ ಮಾರುವ ಹೆಂಗಸು, ಮರಾಠಿಯವಳು. ಬಾಡಿಗೆ ಖೋಲಿಯ ಮಾಲಕ ಅವಳ ಸಾಮಾನು ಹೊರಗೆ ಎಸೆದು ಬೀಗ ಹಾಕಿದ್ದಾನೆ. ಬೇರೆ ವಕೀಲರು ಯಾರೂ ಅವಳ ಮಾತು ಪೂರ್ತಿ ಕೇಳಲಿಲ್ಲವಂತೆ. ನಾನು ವರಾಂಡದಲ್ಲಿ ಅವಳ ಪಕ್ಕ ಕೂತು ಎಲ್ಲ ಕೇಳಿದೆ. ನನಗೆ ಬೇರೆ ಕೆಲಸವೂ ಇರಲಿಲ್ಲ. ಅವಳು "ಮಾಝೀ ಕೇಸ್ ತೂಚ್ ಘೇ" ಅಂದಳು. ನನ್ನ ಕೇಸು ನೀನೇ ತಗೋ ಅಂತ. ನನ್ನ ಹೆಸರು ಸಹ ಅವಳಿಗೆ ಗೊತ್ತಿರಲಿಲ್ಲ.

ವಕಾಲತ್ತಿಗೆ ಹೆಬ್ಬೆಟ್ಟು ಒತ್ತುವಾಗ ಅವಳು ನನ್ನ ಬಗ್ಗೆ ಕೇಳಲು ಶುರುಮಾಡಿದಳು. ಮನೆಯಲ್ಲಿ ಯಾರ‍್ಯಾರು ಅಂತ. ಪಪ್ಪನಿಗೆ ಹೋಟೆಲ್ ಅಂದೆ. ಅಮ್ಮ? ತುಂಬ ದೂರ, ನೌಕರಿಯಲ್ಲಿದ್ದಾಳೆ ಅಂದೆ. ಸರಕಾರಿ ನೌಕರಿಯಾ ಅಂತ ಕೇಳಿದಳು. ಹೌದು ಅನ್ನಲಿಕ್ಕೆ ಬಾಯಿ ತೆರೆದೆ. ಮತ್ತೆ "ಅಲ್ಲ, ಸರಕಾರದ್ದಲ್ಲ" ಅಂದೆ. ಹಾಗಾದ್ರೆ ಬಿಟ್ಟು ಬರಲಿಕ್ಕೆ ಹೇಳು, ಇಷ್ಟು ಸಣ್ಣ ಮಗಳನ್ನು ಬಿಟ್ಟು ದೂರ ಯಾಕೆ ಇರಬೇಕು, ಎಂಥ ತಾಯಿ ಅವಳು ಅಂದಳು.

ಅಮ್ಮ, ನೀನು ಯಾರು ಅಂತ ಅವಳಿಗೆ ಹೇಳಬೇಕು ಅಂತ ನನಗೆ ತುಂಬ ತುಂಬ ಆಸೆ ಆಯಿತು.

ಹೇಳಲಿಲ್ಲ.

ನಿನ್ನ ಮಗಳು,
ಯಕ್ಷಿತಾ